ವರ್ಷಕ್ಕಿಂತ ದೀರ್ಘವಾದ ದಿನ

ಫಜ್ರ್ ನಮಾಝಿನ ಬಳಿಕ ನಮ್ಮ ಮದ್ರಸದಲ್ಲಿ ಪಾಠ ಆರಂಭವಾಗುತ್ತದೆ. ಕೆಲವು ಕಾಲದ ಹಿಂದೆ ಒಂದು ಬೆಳಿಗ್ಗೆ ನಾನು ನಮಾಝಿನ ವೇಳೆಗಳ ಕುರಿತು ಮಕ್ಕಳಿಗೆ ತಿಳಿಸುತ್ತಿದ್ದೆ. ಸೂರ್ಯನು ನೆತ್ತಿಯಿಂದ ಪಶ್ಚಿಮಕ್ಕೆ ವಾಲಿದಾಗ ಝುಹರ್, ಮುಳುಗಿದಾಗ ಮಗ್ರಿಬ್, ಸಂಜೆಗೆಂಪು ಮಾಯವಾದಾಗ ಇಶಾ ಎಂದು ವಿವರಿಸುತ್ತಿರುವಾಗ ಒಬ್ಬ ಹುಡುಗ ಎದ್ದು ನಿಂತ.

“ಉಸ್ತಾದ್, ಶುಕ್ರ ಗ್ರಹದಲ್ಲಿ ಒಂದು ವರ್ಷ ಮುಗಿದರೂ ಆ ಗ್ರಹ ಒಂದು ಸುತ್ತು ತಿರುಗಿ ಆಗುವುದಿಲ್ಲವಂತೆ. ಅಲ್ಲಿ ಮನುಷ್ಯರಿದ್ದರೆ ಐದು ಹೊತ್ತಿನ ನಮಾಝ್ ಹೇಗೆ ಮಾಡುವುದು?”

ಮಕ್ಕಳೆಲ್ಲ ನಕ್ಕರು. ನನಗೂ ಸಿಟ್ಟು ಬಂತು. “ದಿನಗಳು ಕೂಡಿ ವರ್ಷವಾಗುತ್ತದೆ. ವರ್ಷಕ್ಕಿಂತ ದೊಡ್ಡ ದಿನ ಎಲ್ಲಾದರೂ ಉಂಟೇ? ಇಲ್ಲದ ಮಾತು ತರಬೇಡ, ಕುಳಿತುಕೋ” ಎಂದು ಗದರಿದೆ. ಅವನು ತಲೆತಗ್ಗಿಸಿ ಕುಳಿತ. ಆ ದಿನ ಮತ್ತೆ ತಲೆಯೆತ್ತಲಿಲ್ಲ.

ಸಂಜೆ ನೆರೆಮನೆಯ ನಿವೃತ್ತ ವಿಜ್ಞಾನ ಮಾಸ್ಟ್ರ ಬಳಿ ಈ ವಿಷಯ ಹೇಳಿದೆ. ನನ್ನನ್ನು ಅವರು ಬೆಂಬಲಿಸಬಹುದು ಎಂದು ಎಣಿಸಿದ್ದೆ. ಅವರು ನಕ್ಕು, “ಉಸ್ತಾದರೇ, ಹುಡುಗ ಹೇಳಿದ್ದು ಸರಿ. ಬುಧ ಗ್ರಹದ ವಿಷಯ ಕೇಳಿದರೆ ನಿಮಗೆ ಇನ್ನೂ ಆಶ್ಚರ್ಯವಾದೀತು” ಎಂದರು. ಒಳಗಿನಿಂದ ಒಂದು ಪುಸ್ತಕ ತಂದು ಕೈಗಿತ್ತರು. ಆ ರಾತ್ರಿ ನಾನು ಅದನ್ನು ಓದಿದೆ. ಓದಿದಷ್ಟೂ ನಾಚಿಕೆಯಾಯಿತು.

ತನಗೆ ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದು, ಕಿವಿ, ಕಣ್ಣು, ಹೃದಯಗಳ ಬಗ್ಗೆಯೂ ವಿಚಾರಣೆಯಿದೆ ಎಂದು ಕುರ್‌ಆನ್ ಎಚ್ಚರಿಸುತ್ತದೆ (ಬನೀ ಇಸ್ರಾಈಲ್: 36). ಈ ವಚನವನ್ನು ಎಷ್ಟೋ ಬಾರಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಾನೇ ಅದನ್ನು ಮರೆತಿದ್ದೆ. ಇಮಾಮ್ ಮಾಲಿಕ್(ರ)ರಂತಹ ಮಹಾ ವಿದ್ವಾಂಸರು ದೂರದಿಂದ ಬಂದವರ ಮುಂದೆಯೂ “ನನಗೆ ತಿಳಿಯದು” ಎನ್ನಲು ಹಿಂಜರಿಯುತ್ತಿರಲಿಲ್ಲ. ನನ್ನಂತಹ ಸಾಮಾನ್ಯ ಅಧ್ಯಾಪಕನಿಗೆ ಆ ಒಂದು ಮಾತು ಭಾರವಾಯಿತು. ಮರುದಿನ ತರಗತಿಯಲ್ಲಿ ಎಲ್ಲ ಮಕ್ಕಳ ಮುಂದೆ, “ನಿನ್ನೆ ಇವನು ಹೇಳಿದ್ದು ನಿಜ, ನಾನು ಹೇಳಿದ್ದು ತಪ್ಪು” ಎಂದೆ. ಆ ಬಳಿಕ ಅವನ ಪ್ರಶ್ನೆಗೆ ಉತ್ತರ ಹುಡುಕಲು ಹೊರಟೆವು. ಆ ಹುಡುಕಾಟದಲ್ಲಿ ದೊರೆತದ್ದನ್ನೇ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ದಿನ ಮತ್ತು ವರ್ಷ

ಭೂಮಿಗೆ ಎರಡು ಚಲನೆಗಳಿವೆ ಎಂಬುದನ್ನು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅದು ತನ್ನ ಅಕ್ಷದಲ್ಲಿ ತಿರುಗುತ್ತದೆ. ಇದರಿಂದ ಹಗಲು ರಾತ್ರಿಗಳಾಗುತ್ತವೆ. ಸೂರ್ಯನಿಗೆ ಸುತ್ತು ಬರುತ್ತದೆ, ಇದರಿಂದ ವರ್ಷವಾಗುತ್ತದೆ. ಇಲ್ಲಿ ನಮ್ಮಲ್ಲಿ ಹೆಚ್ಚಿನವರು ಗಮನಿಸದ ಒಂದು ಸೂಕ್ಷ್ಮವಿದೆ. ಭೂಮಿ ಒಂದು ಪೂರ್ಣ ಸುತ್ತು ತಿರುಗಲು 24 ಗಂಟೆ ಬೇಕಾಗುವುದಿಲ್ಲ. ನಕ್ಷತ್ರಗಳನ್ನು ಗುರುತಾಗಿಟ್ಟು ಅಳೆದರೆ 23 ಗಂಟೆ 56 ನಿಮಿಷ 4 ಸೆಕೆಂಡು ಸಾಕು. ಉಳಿದ ಸುಮಾರು ನಾಲ್ಕು ನಿಮಿಷ ಏಕೆ?

ಹಜ್ಜ್ ಅಥವಾ ಉಮ್ರಾ ನಿರ್ವಹಿಸಿದವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ತವಾಫ್ ಮಾಡುವವರು ಕಅಬಾವನ್ನು ಸದಾ ಎಡಬದಿಯಲ್ಲಿರಿಸಿ ಸುತ್ತು ಬರುತ್ತಾರೆ. ಕಅಬಾದ ಕಡೆಯಿಂದ ನೋಡಿದರೆ ಅವರು ತಿರುಗಲೇ ಇಲ್ಲ. ಮೊದಲಿಂದ ಕೊನೆಯವರೆಗೆ ಅವರ ಎಡಭುಜವೇ ಆ ಕಡೆಗಿತ್ತು. ಆದರೆ ಮಕ್ಕಾದ ಬೆಟ್ಟದ ಮೇಲೆ ನಿಂತು ನೋಡುವವನಿಗೆ ಅವರು ನಾಲ್ಕೂ ದಿಕ್ಕಿಗೆ ಮುಖಮಾಡಿ ಒಂದು ಪೂರ್ಣ ಸುತ್ತು ತಿರುಗಿದ್ದಾರೆ. ಒಂದು ಪ್ರದಕ್ಷಿಣೆಯಲ್ಲಿ ಒಂದು ತಿರುಗಾಟ ಹೀಗೆ ಕಾಣದಂತೆ ಸೇರಿಹೋಗುತ್ತದೆ. (ಇದು ಅರ್ಥಮಾಡಿಕೊಳ್ಳಲು ಕೊಟ್ಟ ಉದಾಹರಣೆ ಮಾತ್ರ. ಪವಿತ್ರ ಭವನವನ್ನು ಸೂರ್ಯನಿಗೆ ಹೋಲಿಸುವ ಉದ್ದೇಶ ನನಗಿಲ್ಲ.)

ಭೂಮಿಯ ವಿಷಯವೂ ಹಾಗೆಯೇ. ನಮಗೆ ವರ್ಷದಲ್ಲಿ ಸುಮಾರು 365.24 ದಿನಗಳಿವೆ. ಆದರೆ ನಕ್ಷತ್ರಗಳ ಕಡೆಯಿಂದ ಎಣಿಸಿದರೆ ಭೂಮಿ 366.24 ಬಾರಿ ತಿರುಗಿರುತ್ತದೆ. ಒಂದು ಸುತ್ತು ಪ್ರದಕ್ಷಿಣೆಯಲ್ಲಿ ಕಳೆದುಹೋಗುತ್ತದೆ. ಆ ಒಂದು ಸುತ್ತನ್ನು ವರ್ಷದ ಎಲ್ಲ ದಿನಗಳಿಗೂ ಹಂಚಿದಾಗ ದಿನಕ್ಕೆ ಸುಮಾರು ನಾಲ್ಕು ನಿಮಿಷ ಬರುತ್ತದೆ. ಗ್ರಹ ತಾನು ಸುತ್ತುವ ದಿಕ್ಕಿನಲ್ಲೇ ತಿರುಗುತ್ತಿದ್ದರೆ, ಅದು ತಿರುಗಿದ ಸಂಖ್ಯೆಯಿಂದ ಪ್ರದಕ್ಷಿಣೆಯ ಸಂಖ್ಯೆಯನ್ನು ಕಳೆಯಬೇಕು. ಉಳಿಯುವುದೇ ಅಲ್ಲಿನ ಸೂರ್ಯೋದಯಗಳ ಸಂಖ್ಯೆ. ಈ ಒಂದು ಲೆಕ್ಕ ಹಿಡಿದುಕೊಂಡರೆ ಉಳಿದ ಗ್ರಹಗಳ ವಿಷಯ ತಿಳಿಯುವುದು ಕಷ್ಟವಲ್ಲ.

ಗ್ರಹಗಳ ಲೋಕದಲ್ಲಿ

ಬುಧವು 88 ದಿನಗಳಲ್ಲಿ ಸೂರ್ಯನಿಗೆ ಸುತ್ತು ಬರುತ್ತದೆ. ತನ್ನ ಅಕ್ಷದಲ್ಲಿ ಒಮ್ಮೆ ತಿರುಗಲು ಅದಕ್ಕೆ ಸುಮಾರು 59 ದಿನ ಬೇಕು. ಹಿಂದೆ ಖಗೋಳ ವಿಜ್ಞಾನಿಗಳು ಇವೆರಡೂ 88 ದಿನಗಳೆಂದೇ ನಂಬಿದ್ದರು. 1965ರಲ್ಲಿ ಗಾರ್ಡನ್ ಪೆಟೆಂಗಿಲ್ ಮತ್ತು ರೋಲ್ಫ್ ಡೈಸ್ ಎಂಬ ವಿಜ್ಞಾನಿಗಳು ಪೋರ್ಟೊರಿಕೊದ ಅರೆಸಿಬೊದಿಂದ ರಾಡಾರ್ ಅಲೆಗಳನ್ನು ಬುಧನ ಕಡೆಗೆ ಕಳುಹಿಸಿ ನೋಡಿದಾಗ ಆ ನಂಬಿಕೆ ತಪ್ಪೆಂದು ತಿಳಿಯಿತು. ಬುಧವು ಎರಡು ಪ್ರದಕ್ಷಿಣೆ ಮುಗಿಸುವಾಗ ಸರಿಯಾಗಿ ಮೂರು ಬಾರಿ ತಿರುಗುತ್ತದೆ. ಮೂರರಲ್ಲಿ ಎರಡನ್ನು ಕಳೆದರೆ ಉಳಿಯುವುದು ಒಂದು. ಅಂದರೆ ಅಲ್ಲಿ ಎರಡು ವರ್ಷಕ್ಕೆ ಒಂದೇ ಒಂದು ದಿನ! ಒಂದು ಸೂರ್ಯೋದಯದಿಂದ ಮತ್ತೊಂದಕ್ಕೆ ನಮ್ಮ ಲೆಕ್ಕದ 176 ದಿನಗಳು. ಹಗಲಿನಲ್ಲಿ ಅಲ್ಲಿನ ನೆಲ 430 ಡಿಗ್ರಿಯವರೆಗೆ ಕಾಯುತ್ತದೆ. ರಾತ್ರಿಯಲ್ಲಿ ಸೊನ್ನೆಗಿಂತ 180 ಡಿಗ್ರಿ ಕೆಳಕ್ಕಿಳಿಯುತ್ತದೆ.

ಶುಕ್ರಕ್ಕೆ ಪ್ರದಕ್ಷಿಣೆಗೆ ಸುಮಾರು 225 ದಿನ, ಒಮ್ಮೆ ತಿರುಗಲು 243 ದಿನ. ನನ್ನ ವಿದ್ಯಾರ್ಥಿ ಹೇಳಿದ್ದು ಇದನ್ನೇ. ಆದರೆ ಶುಕ್ರವು ಇತರ ಹೆಚ್ಚಿನ ಗ್ರಹಗಳಂತಲ್ಲದೆ ಹಿಮ್ಮುಖವಾಗಿ ತಿರುಗುತ್ತದೆ. ಆದುದರಿಂದ ಅಲ್ಲಿ ಕಳೆಯುವ ಬದಲು ಕೂಡಿಸಬೇಕಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಅಲ್ಲಿನ ಒಂದು ಹಗಲು ಮತ್ತು ರಾತ್ರಿ ಕೂಡಿ ನಮ್ಮ ಸುಮಾರು 117 ದಿನಗಳಾಗುತ್ತವೆ. ಅಲ್ಲಿನ ಒಂದು ವರ್ಷದಲ್ಲಿ ಎರಡು ದಿನಗಳೂ ತುಂಬುವುದಿಲ್ಲ. ಸೂರ್ಯನು ಅಲ್ಲಿ ಉದಯಿಸುವುದು ಪಶ್ಚಿಮದಲ್ಲಿ.

ಇದನ್ನು ಹೇಳಿದಾಗ ಇನ್ನೊಬ್ಬ ಹುಡುಗ, “ಹಾಗಾದರೆ ಅಲ್ಲಿ ಕಿಯಾಮತ್ ಆಗಿಬಿಟ್ಟಿದೆಯೇ ಉಸ್ತಾದ್?” ಎಂದು ಕೇಳಿದ. ಈ ಬಾರಿ ನಾನು ಗದರಲಿಲ್ಲ. ಸೂರ್ಯನು ಪಶ್ಚಿಮದಿಂದ ಉದಯಿಸುವುದನ್ನು ಪ್ರವಾದಿವರ್ಯರು(ಸ) ಅಂತ್ಯದಿನದ ಕುರುಹಾಗಿ ತಿಳಿಸಿದ್ದು ಈ ಭೂಮಿಯ ಮೇಲಿರುವ ನಮಗೆ. ಪಶ್ಚಾತ್ತಾಪದ ಬಾಗಿಲು ಮುಚ್ಚುವ ಮೊದಲು ಎಚ್ಚೆತ್ತುಕೊಳ್ಳಲೆಂದು. ಅದು ಗ್ರಹಗಳಿಗೆ ವಿಧಿಸಿದ ನಿಯಮವಲ್ಲ ಎಂದು ತಿಳಿಸಿದೆ.

ಇನ್ನು ಮಂಗಳನನ್ನು ನೋಡಿ. ಅಲ್ಲಿನ ದಿನ ನಮ್ಮ ದಿನಕ್ಕಿಂತ ಕೇವಲ 40 ನಿಮಿಷ ಹೆಚ್ಚು. ಆದರೆ ವರ್ಷ 687 ದಿನಗಳದ್ದು. ಗುರುವು ಗ್ರಹಗಳಲ್ಲೆಲ್ಲ ದೊಡ್ಡದು. ಅಷ್ಟು ದೊಡ್ಡ ಗ್ರಹ ಹತ್ತು ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುತ್ತದೆ. ಅದರ ವರ್ಷವಾದರೋ ನಮ್ಮ ಸುಮಾರು 12 ವರ್ಷಗಳಷ್ಟು. ಅಲ್ಲಿನ ಒಂದು ವರ್ಷದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹಗಲು ರಾತ್ರಿಗಳು ಸರಿದುಹೋಗುತ್ತವೆ.

ಇವೆರಡಕ್ಕೂ ಸಂಬಂಧವೇನು?

ಗ್ರಹದ ವರ್ಷ ಎಷ್ಟು ದೀರ್ಘ ಎಂಬುದನ್ನು ಸೂರ್ಯನಿಂದ ಅದಕ್ಕಿರುವ ದೂರ ನಿರ್ಧರಿಸುತ್ತದೆ. ದೂರ ಹೆಚ್ಚಿದಂತೆ ವರ್ಷ ದೀರ್ಘವಾಗುತ್ತದೆ. ಈ ನಿಯಮವನ್ನು ಜರ್ಮನಿಯ ಕೆಪ್ಲರ್ 1619ರಲ್ಲಿ ಪ್ರಕಟಿಸಿದರು. ಆದರೆ ಗ್ರಹ ತನ್ನ ಅಕ್ಷದಲ್ಲಿ ಎಷ್ಟು ವೇಗವಾಗಿ ತಿರುಗಬೇಕು ಎಂಬುದಕ್ಕೆ ಅಂತಹ ನಿಯಮವಿಲ್ಲ. ಅದು ರೂಪುಗೊಂಡ ರೀತಿ, ಆರಂಭ ಕಾಲದಲ್ಲಿ ಅದಕ್ಕೆ ಬಡಿದ ಕಾಯಗಳು, ಸೂರ್ಯ ಮತ್ತು ಉಪಗ್ರಹಗಳ ಸೆಳೆತ ಇವೆಲ್ಲ ಸೇರಿ ಅದನ್ನು ನಿರ್ಧರಿಸಿವೆ. ಆದುದರಿಂದ ಸಾಮಾನ್ಯವಾಗಿ ದಿನಕ್ಕೂ ವರ್ಷಕ್ಕೂ ನೇರ ಸಂಬಂಧವಿಲ್ಲ. ತೀರಾ ಹತ್ತಿರವಿರುವ ಕಾಯಗಳಲ್ಲಿ ಮಾತ್ರ ದೀರ್ಘಕಾಲದ ಸೆಳೆತದಿಂದಾಗಿ ಎರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬುಧನ ಮೂರು-ಎರಡರ ಲೆಕ್ಕ ಅಂತಹದ್ದು. ನಮ್ಮ ಚಂದ್ರನೂ ಹಾಗೆಯೇ. ಅವನು ಭೂಮಿಗೆ ಸುತ್ತು ಬರುವುದೂ ತಾನು ತಿರುಗುವುದೂ ಒಂದೇ ಅವಧಿಯಲ್ಲಿ, 27 ದಿನ ಎಂಟು ಗಂಟೆಗಳ ಸುಮಾರಿಗೆ. ಆದುದರಿಂದಲೇ ಆದಮ್(ಅ)ರ ಸಂತತಿಯೆಲ್ಲ ಭೂಮಿಯಿಂದ ಚಂದ್ರನ ಒಂದೇ ಮುಖವನ್ನು ನೋಡುತ್ತಾ ಬಂದಿದೆ.

ನಮ್ಮ ಭೂಮಿಯ ದಿನವೂ ಎಂದೆಂದಿಗೂ ಒಂದೇ ಆಗಿರಲಿಲ್ಲ. ಚಂದ್ರನ ಸೆಳೆತದಿಂದ ಕಡಲಿನಲ್ಲಿ ಉಬ್ಬರ ಇಳಿತಗಳಾಗುವುದು ಕರಾವಳಿಯ ನಮಗೆಲ್ಲ ಗೊತ್ತು. ಅದೇ ಉಬ್ಬರ ಇಳಿತ ಭೂಮಿಯ ತಿರುಗಾಟವನ್ನು ನೂರು ವರ್ಷಕ್ಕೆ ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ನಿಧಾನಗೊಳಿಸುತ್ತಾ ಇದೆ. 1963ರಲ್ಲಿ ಜಾನ್ ವೆಲ್ಸ್ ಎಂಬ ವಿಜ್ಞಾನಿ ಕೋಟ್ಯಂತರ ವರ್ಷ ಹಳೆಯ ಹವಳದ ಪಳೆಯುಳಿಕೆಗಳಲ್ಲಿ ದಿನ ದಿನದ ಬೆಳವಣಿಗೆಯ ಗೆರೆಗಳನ್ನು ಎಣಿಸಿದರು. ಒಂದು ವರ್ಷಕ್ಕೆ ಸುಮಾರು 400 ಗೆರೆಗಳು ಸಿಕ್ಕಿದವು. ವರ್ಷದ ಉದ್ದ ಬದಲಾಗಿರಲಿಲ್ಲ. ಆಗ ದಿನವೇ ಸುಮಾರು 22 ಗಂಟೆಗಳದ್ದಾಗಿತ್ತು. ಕಡಲ ತಳದ ಒಂದು ಸಣ್ಣ ಜೀವಿ ತನ್ನ ಮೈಮೇಲೆ ದಿನಗಳ ಲೆಕ್ಕ ಬರೆದಿಟ್ಟಿತ್ತು. ದಿನವನ್ನು ವ್ಯರ್ಥವಾಗಿ ಕಳೆಯುವ ನಮಗೆ ಇದರಲ್ಲಿ ಪಾಠವಿಲ್ಲವೇ?

ಶಾಶ್ವತ ರಾತ್ರಿ, ಶಾಶ್ವತ ಹಗಲು

ಅಲ್ಲಾಹನು ರಾತ್ರಿಯನ್ನು ಅಂತ್ಯದಿನದವರೆಗೂ ಎಡೆಬಿಡದೆ ಮುಂದುವರಿಸಿದರೆ ನಿಮಗೆ ಬೆಳಕು ತರುವವರು ಯಾರು, ಹಗಲನ್ನೇ ಹಾಗೆ ಮುಂದುವರಿಸಿದರೆ ವಿಶ್ರಾಂತಿಯ ರಾತ್ರಿಯನ್ನು ತರುವವರು ಯಾರು ಎಂದು ಕುರ್‌ಆನ್ ಕೇಳುತ್ತದೆ (ಅಲ್ ಕಸಸ್: 71-72). ಮರು ವಚನದಲ್ಲೇ ಹಗಲು ರಾತ್ರಿಗಳ ಈ ಸರದಿಯನ್ನು ಅವನ ಕರುಣೆಯೆಂದು ಕರೆದು, ನಾವು ಕೃತಜ್ಞರಾಗಬೇಕೆಂದು ಬಯಸುತ್ತದೆ.

ಇಂದು ವಿಜ್ಞಾನಿಗಳು ಇತರ ನಕ್ಷತ್ರಗಳ ಸುತ್ತಲೂ ಗ್ರಹಗಳನ್ನು ಕಂಡಿದ್ದಾರೆ. ಟ್ರಾಪಿಸ್ಟ್-1 ಎಂಬ ಸಣ್ಣ ನಕ್ಷತ್ರದ ಸುತ್ತ ಏಳು ಗ್ರಹಗಳಿವೆಯೆಂದು 2017ರಲ್ಲಿ ಪ್ರಕಟವಾಯಿತು. ಅವು ತಮ್ಮ ನಕ್ಷತ್ರಕ್ಕೆ ಎಷ್ಟು ಹತ್ತಿರವೆಂದರೆ ಒಂದರ ವರ್ಷ ಕೇವಲ ಒಂದೂವರೆ ದಿನ. ಎಲ್ಲಕ್ಕಿಂತ ದೂರದ್ದರ ವರ್ಷ 19 ದಿನ. ನಮ್ಮ ಚಂದ್ರನಂತೆ ಅವುಗಳ ಒಂದು ಮುಖ ಸದಾ ನಕ್ಷತ್ರದ ಕಡೆಗೇ ಇರಬಹುದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಹಾಗಿದ್ದರೆ ಅಲ್ಲಿ ಅರ್ಧ ಭಾಗಕ್ಕೆ ಮುಗಿಯದ ಹಗಲು, ಇನ್ನರ್ಧಕ್ಕೆ ಮುಗಿಯದ ರಾತ್ರಿ.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಯಾವುದೇ ಹೊಸ ಸಂಶೋಧನೆ ಬಂದಾಗ ‘ಇದು ನಮ್ಮ ಗ್ರಂಥದಲ್ಲಿ ಮೊದಲೇ ಇದೆ’ ಎಂದು ಹೆಮ್ಮೆಪಡುವ ಅಭ್ಯಾಸ ನಮ್ಮಲ್ಲಿದೆ. ವಿಜ್ಞಾನಿಗಳ ಅಭಿಪ್ರಾಯ ನಾಳೆ ಬದಲಾಗಬಹುದು. ಬುಧನ ವಿಷಯದಲ್ಲಿ ಹಾಗೆಯೇ ಆಯಿತಲ್ಲವೇ? ಆಗ 88 ದಿನಗಳ ಲೆಕ್ಕಕ್ಕೆ ಯಾರಾದರೂ ವಚನವನ್ನು ಕಟ್ಟಿಹಾಕಿದ್ದರೆ 1965ರಲ್ಲಿ ಏನು ಮಾಡುತ್ತಿದ್ದರು? ಅಲ್ ಕಸಸ್‌ನ ಈ ವಚನಗಳು ಗ್ರಹಗಳ ಪಟ್ಟಿ ಕೊಡಲು ಬಂದವುಗಳಲ್ಲ. ಅವು ನಮ್ಮ ಕೃತಜ್ಞತೆಯನ್ನು ಎಚ್ಚರಿಸಲು ಬಂದವು. ದೂರದ ಗ್ರಹಗಳ ಸುದ್ದಿ ಕೇಳಿದಾಗ ಆ ಪ್ರಶ್ನೆ ಇನ್ನಷ್ಟು ಆಳಕ್ಕೆ ತಾಗುತ್ತದೆ, ಅಷ್ಟೇ. ಇಂದು ರಾತ್ರಿ ದೀಪ ಆರಿಸಿ ಮಲಗುವಾಗ, ಈ ಕತ್ತಲೂ ಒಂದು ಅನುಗ್ರಹವೆಂದು ನಾವು ನೆನೆದೇವೇ?

ವರ್ಷದಷ್ಟು ದೊಡ್ಡ ದಿನದಲ್ಲಿ ನಮಾಝ್

ಈಗ ಹುಡುಗನ ಪ್ರಶ್ನೆಗೆ ಬರೋಣ. ಆಶ್ಚರ್ಯವೆಂದರೆ ಈ ಪ್ರಶ್ನೆಯನ್ನು 1400 ವರ್ಷಗಳ ಹಿಂದೆಯೇ ಪ್ರವಾದಿವರ್ಯರ(ಸ) ಸಂಗಾತಿಗಳು ಕೇಳಿದ್ದರು. ನವ್ವಾಸ್ ಬಿನ್ ಸಮ್‌ಆನ್(ರ)ರು ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್‌ನಲ್ಲಿ ದಜ್ಜಾಲನ ಕಾಲದ ವಿವರ ಬರುತ್ತದೆ. ಅವನು ಇರುವ 40 ದಿನಗಳಲ್ಲಿ ಒಂದು ದಿನ ವರ್ಷದಷ್ಟು, ಒಂದು ತಿಂಗಳಷ್ಟು, ಒಂದು ವಾರದಷ್ಟು ದೀರ್ಘವಾಗಿರುವುದೆಂದು ಪ್ರವಾದಿಯವರು(ಸ) ತಿಳಿಸಿದರು. ಅದನ್ನು ಕೇಳಿದ ಸಹಾಬಿಗಳು ಏನು ಕೇಳಿದರು? ಅಷ್ಟು ದೀರ್ಘ ದಿನದಲ್ಲಿ ಬೆಳೆಯ ಗತಿಯೇನು, ವ್ಯಾಪಾರದ ಗತಿಯೇನು ಎಂದು ಕೇಳಲಿಲ್ಲ. ವರ್ಷದಂತಹ ಆ ದಿನದಲ್ಲಿ ಒಂದು ದಿನದ ನಮಾಝ್ ಸಾಕೇ ಎಂದು ಕೇಳಿದರು. ಸಾಲದು, ಅದರ ಪ್ರಮಾಣವನ್ನು ಅಂದಾಜಿಸಿಕೊಳ್ಳಿ ಎಂಬುದು ಪ್ರವಾದಿಯವರ(ಸ) ಉತ್ತರವಾಗಿತ್ತು.

ಪ್ರಶ್ನೆ ಕೇಳಿದವರನ್ನು ಅವರು ಗದರಲಿಲ್ಲ. ‘ಇದು ನಿಮಗೇಕೆ’ ಎನ್ನಲಿಲ್ಲ. ನಾನು ನನ್ನ ವಿದ್ಯಾರ್ಥಿಯೊಂದಿಗೆ ನಡೆದುಕೊಂಡ ರೀತಿಗೂ ಇದಕ್ಕೂ ಎಷ್ಟು ಅಂತರ!

ಇಮಾಮ್ ನವವಿ(ರ)ಯವರು ಈ ಹದೀಸನ್ನು ವಿವರಿಸುತ್ತಾ, ಸಾಮಾನ್ಯ ದಿನಗಳಲ್ಲಿ ಫಜ್ರ್ ಮತ್ತು ಝುಹರ್‌ನ ನಡುವೆ ಇರುವಷ್ಟು ಸಮಯ ಕಳೆದಾಗ ಝುಹರ್, ಅದೇ ರೀತಿ ಅಂತರ ನೋಡಿಕೊಂಡು ಅಸರ್, ಮಗ್ರಿಬ್, ಇಶಾ, ಮತ್ತೆ ಫಜ್ರ್ ಹೀಗೆ ಆ ದಿನ ಮುಗಿಯುವವರೆಗೂ ನಮಾಝ್ ನಿರ್ವಹಿಸಬೇಕೆಂದು ತಿಳಿಸಿದ್ದಾರೆ. ಸೂರ್ಯ ನಿಂತರೂ ಕರ್ತವ್ಯ ನಿಲ್ಲುವುದಿಲ್ಲ.

ವರ್ಷದಷ್ಟು ದೊಡ್ಡ ದಿನವನ್ನು ಕಾಣಲು ಬೇರೆ ಗ್ರಹಕ್ಕೆ ಹೋಗಬೇಕಾಗಿಲ್ಲ. ನಮ್ಮ ಭೂಮಿಯ ಧ್ರುವಗಳಲ್ಲೇ ಅದಿದೆ. ಉತ್ತರ ಧ್ರುವದಲ್ಲಿ ಸೂರ್ಯ ವರ್ಷಕ್ಕೊಮ್ಮೆ ಉದಯಿಸಿ ಒಮ್ಮೆ ಮುಳುಗುತ್ತಾನೆ. ಸುಮಾರು ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ. ಭೂಮಿಯ ಅಕ್ಷ ವಾಲಿರುವುದರಿಂದ ಅಲ್ಲಿ ದಿನವನ್ನು ಉಂಟುಮಾಡುವುದು ತಿರುಗಾಟವಲ್ಲ, ಪ್ರದಕ್ಷಿಣೆ. ನಾರ್ವೆಯ ಟ್ರೋಮ್ಸೊ ನಗರದಲ್ಲಿ ಮೇ ತಿಂಗಳ ಉತ್ತರಾರ್ಧದಿಂದ ಜುಲೈ ತಿಂಗಳ ಉತ್ತರಾರ್ಧದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಲ್ಲಿಯೂ ಮುಸ್ಲಿಮರಿದ್ದಾರೆ, ಮಸೀದಿಯಿದೆ.

ಕ್ರಿ.ಶ. 922ರಲ್ಲಿ ಬಗ್ದಾದಿನ ಖಲೀಫರ ದೂತರಾಗಿ ವೋಲ್ಗಾ ನದಿಯ ತೀರದ ಬುಲ್ಗಾರರ ನಾಡಿಗೆ ಹೋದ ಇಬ್ನ್ ಫದ್ಲಾನ್ ತಮ್ಮ ಅನುಭವವನ್ನು ಬರೆದಿಟ್ಟಿದ್ದಾರೆ. ಬಗ್ದಾದಿನವನೊಬ್ಬನೊಂದಿಗೆ ಡೇರೆಯಲ್ಲಿ ಮಾತನಾಡುತ್ತಾ ಇಶಾದ ಅಝಾನ್‌ಗಾಗಿ ಕಾದರಂತೆ. ಅಝಾನ್ ಕೇಳಿ ಹೊರಬಂದು ನೋಡಿದರೆ ಬೆಳಗಾಗಿಬಿಟ್ಟಿತ್ತು. ಅದು ಫಜ್ರ್‌ನ ಅಝಾನ್! ಇಶಾವನ್ನು ಮಗ್ರಿಬ್‌ನೊಂದಿಗೇ ನಿರ್ವಹಿಸುತ್ತೇವೆಂದೂ, ಬೆಳಗಿನ ನಮಾಝ್ ತಪ್ಪಿಹೋದೀತೆಂಬ ಭಯದಿಂದ ಒಂದು ತಿಂಗಳಿನಿಂದ ರಾತ್ರಿ ಮಲಗಿಲ್ಲವೆಂದೂ ಮುಅದ್ದಿನ್ ತಿಳಿಸಿದರಂತೆ. ಆ ನಾಡಿನ ಜನರಿಗೆ ಇಶಾ ಕಡ್ಡಾಯವೇ ಎಂಬ ಬಗ್ಗೆ ಬಳಿಕ ಹನಫಿ ವಿದ್ವಾಂಸರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಇಬ್ನುಲ್ ಹುಮಾಮ್(ರ)ರು ದಜ್ಜಾಲನ ಇದೇ ಹದೀಸನ್ನು ಮುಂದಿಟ್ಟು, ವೇಳೆಯ ಕುರುಹು ಕಾಣದಿದ್ದರೂ ನಮಾಝ್ ಕಡ್ಡಾಯವೇ ಎಂದರು. ಇಂದು ಉತ್ತರದ ನಾಡುಗಳಲ್ಲಿರುವವರು ಹಗಲು ರಾತ್ರಿ ಬೇರ್ಪಡುವ ಹತ್ತಿರದ ಊರಿನ ವೇಳೆಯನ್ನೋ ಮಕ್ಕಾದ ವೇಳೆಯನ್ನೋ ಅನುಸರಿಸುವುದು ಇದೇ ದಾರಿಯಲ್ಲಿ.

ಆಕಾಶಕ್ಕೆ ಹೋದವರಿಗೂ ಇದೇ ಉತ್ತರ ನೆರವಾಯಿತು. ಮಲೇಷ್ಯಾದ ಶೇಖ್ ಮುಝಫರ್ ಶುಕೂರ್ 2007ರ ಅಕ್ಟೋಬರ್‌ನಲ್ಲಿ, ರಮಝಾನ್ ತಿಂಗಳ ಕೊನೆಯಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಆ ನಿಲ್ದಾಣ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಗೆ ಸುತ್ತು ಬರುತ್ತದೆ. ಅಲ್ಲಿರುವವರು 24 ಗಂಟೆಗಳಲ್ಲಿ 16 ಸೂರ್ಯೋದಯಗಳನ್ನು ಕಾಣುತ್ತಾರೆ. ಹಾಗಾದರೆ 80 ಹೊತ್ತಿನ ನಮಾಝೇ? ಅಲ್ಲ. 24 ಗಂಟೆಗಳಿಗೆ ಐದೇ ಹೊತ್ತು, ವೇಳೆಗೆ ಹೊರಟ ಸ್ಥಳದ ಲೆಕ್ಕ ಹಿಡಿಯಬಹುದು, ಉಪವಾಸವನ್ನು ಮರಳಿದ ಬಳಿಕ ಪೂರೈಸಬಹುದು ಎಂದು ಮಲೇಷ್ಯಾದ ವಿದ್ವಾಂಸರು ಮಾರ್ಗದರ್ಶನ ನೀಡಿದರು. ದಿನ ಹಿಗ್ಗಿದಾಗ ಕರ್ತವ್ಯ ಕರಗಿಹೋಗಲಿಲ್ಲ. ದಿನ ಕುಗ್ಗಿದಾಗ ಹೊರೆ ಹೆಚ್ಚಾಗಲಿಲ್ಲ. ದೀನ್‌ನ ಸಮತೋಲ ಎಂದರೆ ಇದೇ.

ಕಳೆದುಹೋದ ಒಂದು ವರ್ಷ

ನಮ್ಮ ಆರಾಧನೆಗಳು ಈ ಚಲನೆಗಳೊಂದಿಗೆ ಹೇಗೆ ಹೆಣೆದುಕೊಂಡಿವೆ ನೋಡಿ. ಐದು ಹೊತ್ತಿನ ನಮಾಝ್ ಭೂಮಿಯ ತಿರುಗಾಟಕ್ಕೆ ಹೊಂದಿಕೊಂಡಿದೆ. ರಮಝಾನ್, ಹಜ್ಜ್, ಸಂಪತ್ತಿನ ಝಕಾತ್ ಚಂದ್ರನ ಸುತ್ತಿಗೆ ಹೊಂದಿಕೊಂಡಿವೆ. ಬೆಳೆಯ ಝಕಾತ್ ಕೊಯ್ಲಿನ ದಿನಕ್ಕೆ ಸೇರಿದ್ದು (ಅಲ್ ಅನ್‌ಆಮ್: 141), ಮಳೆ, ಬಿಸಿಲು, ಕೊಯ್ಲುಗಳೆಲ್ಲ ಭೂಮಿಯ ಪ್ರದಕ್ಷಿಣೆಯಿಂದ ಬರುವ ಋತುಗಳ ಫಲ. ದಿನ, ತಿಂಗಳು, ವರ್ಷ ಮೂರರಲ್ಲೂ ಅವನ ಆಜ್ಞೆಯಿದೆ.

ಆದರೆ ಈ ಮೂರೂ ಒಂದಕ್ಕೊಂದು ಸರಿಯಾಗಿ ಭಾಗವಾಗುವುದಿಲ್ಲ. ಒಂದು ಅಮಾವಾಸ್ಯೆಯಿಂದ ಮತ್ತೊಂದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನಕ್ಕೆ ತುಸು ಹೆಚ್ಚು. ಹನ್ನೆರಡು ಚಾಂದ್ರ ತಿಂಗಳೆಂದರೆ ಸುಮಾರು 354 ದಿನ. ಸೌರ ವರ್ಷಕ್ಕಿಂತ ಇದು 11 ದಿನ ಕಡಿಮೆ. ಈ 11 ದಿನಗಳಿಂದಾಗಿಯೇ ರಮಝಾನ್ ಎಲ್ಲ ಋತುಗಳನ್ನೂ ಸುತ್ತಿ ಸುಮಾರು 33 ವರ್ಷಗಳಲ್ಲಿ ಮೊದಲಿದ್ದಲ್ಲಿಗೆ ಮರಳುತ್ತದೆ. ಮರುಭೂಮಿಯವನಿಗೂ ಹಿಮದ ನಾಡಿನವನಿಗೂ ಸುಲಭದ ಉಪವಾಸ ಮತ್ತು ಕಷ್ಟದ ಉಪವಾಸ ಎರಡೂ ಪಾಲಿಗೆ ಬರುತ್ತವೆ.

ನಾನು ಹುಟ್ಟಿದ್ದು 1989ರ ಏಪ್ರಿಲ್‌ನ ಸೆಖೆಯಲ್ಲಿ, ರಮಝಾನ್ ತಿಂಗಳಲ್ಲಿ ಎಂದು ಉಮ್ಮ ಹೇಳುತ್ತಿದ್ದರು. 2022ರಲ್ಲಿ ರಮಝಾನ್ ಮತ್ತೆ ಏಪ್ರಿಲ್‌ಗೆ ಬಂತು. ಶಾಲೆಯ ದಾಖಲೆಯ ಲೆಕ್ಕದಲ್ಲಿ ನನಗಾಗ 33 ತುಂಬಿತ್ತು. ಚಂದ್ರನ ಲೆಕ್ಕದಲ್ಲಿ 34. ಒಂದು ವರ್ಷ ನನಗೆ ತಿಳಿಯದಂತೆಯೇ ಕಳೆದುಹೋಗಿತ್ತು.

ಇದನ್ನು ಒಂದು ಶುಕ್ರವಾರ ಜುಮಾದ ಬಳಿಕ ಕೆಲವರೊಂದಿಗೆ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯ ವ್ಯಾಪಾರಿಯೊಬ್ಬರು ಸುಮ್ಮನೆ ಕೇಳುತ್ತಿದ್ದರು. ಎಲ್ಲರೂ ಹೋದ ಬಳಿಕ ಹತ್ತಿರ ಬಂದು, “ಉಸ್ತಾದರೇ, ನಾನು ಅಂಗಡಿಯ ಲೆಕ್ಕ ಮುಗಿಸುವುದು ಮಾರ್ಚ್ 31ಕ್ಕೆ. ಝಕಾತ್ ಕೂಡ ಅದೇ ಲೆಕ್ಕದಲ್ಲಿ ಕೊಡುತ್ತಾ ಬಂದಿದ್ದೇನೆ. ಮೂವತ್ತು ವರ್ಷಕ್ಕೂ ಮೇಲಾಯಿತು. ಹಾಗಾದರೆ ನಾನು ಬಡವರ ಒಂದು ವರ್ಷವನ್ನು ತಿಂದುಬಿಟ್ಟೆನೇ?” ಎಂದರು. ಅವರ ಧ್ವನಿ ನಡುಗುತ್ತಿತ್ತು.

ಸಂಪತ್ತಿನ ಝಕಾತ್‌ಗೆ ವರ್ಷವೆಂದರೆ ಚಾಂದ್ರ ವರ್ಷ. ಸೌರ ವರ್ಷದ ಲೆಕ್ಕದಲ್ಲಿ ಶೇಕಡಾ ಎರಡೂವರೆ ಕೊಟ್ಟರೆ ಪ್ರತಿವರ್ಷ 11 ದಿನಗಳ ಪಾಲು ಉಳಿದುಬಿಡುತ್ತದೆ. 33 ವರ್ಷ ಹಾಗೆ ನಡೆದರೆ ಒಂದಿಡೀ ವರ್ಷದ ಝಕಾತ್ ಬಾಕಿಯಾಗುತ್ತದೆ. ಅದು ಬಡವರ, ವಿಧವೆಯರ, ಸಾಲದಲ್ಲಿ ಮುಳುಗಿದವರ ಹಕ್ಕು. ತಿಳಿಯದೆ ಆದ ತಪ್ಪಿಗೆ ಅಲ್ಲಾಹನು ಕ್ಷಮಿಸುವವನು. ಆದರೆ ತಿಳಿದ ಬಳಿಕ ಬಾಕಿಯನ್ನು ಲೆಕ್ಕ ಹಾಕಿ ಕೊಡಬೇಕು. ಮುಂದಕ್ಕೆ ರಮಝಾನ್‌ನಲ್ಲೋ ಮುಹರ್ರಮ್‌ನಲ್ಲೋ ಒಂದು ಚಾಂದ್ರ ದಿನಾಂಕವನ್ನು ನಿಶ್ಚಯಿಸಿಕೊಳ್ಳುವುದು ಉತ್ತಮ. ಅಂಗಡಿಯ ಲೆಕ್ಕದಿಂದಾಗಿ ಸೌರ ವರ್ಷವನ್ನು ಬಿಡಲಾಗದವರು ಎರಡೂವರೆಯ ಬದಲು ಸುಮಾರು 2.58 ಶೇಕಡಾ ಕೊಡಬೇಕೆಂದು ಈ ಕಾಲದ ಕೆಲವು ವಿದ್ವಾಂಸರು ಹೇಳಿದ್ದಾರೆ. ಒಂದು ಲಕ್ಷ ರೂಪಾಯಿಗೆ ಇದು 80 ರೂಪಾಯಿಯಷ್ಟು ಹೆಚ್ಚು. ಕೊಡುವವನಿಗೆ ಅದು ದೊಡ್ಡದಲ್ಲ. ಕೊಡದೆ ಉಳಿದರೆ ಮಾತ್ರ ಲೆಕ್ಕದ ದಿನ ಭಾರವಾದೀತು.

ಆ ಹಿರಿಯರು ಹಳೆಯ ಲೆಕ್ಕದ ಪುಸ್ತಕಗಳನ್ನೆಲ್ಲ ತೆಗೆಸಿ, ಮಗನನ್ನು ಕೂರಿಸಿಕೊಂಡು ಲೆಕ್ಕ ಹಾಕಿ ಬಾಕಿಯನ್ನು ಪೂರ್ತಿ ಕೊಟ್ಟರು. ಒಬ್ಬ ಹುಡುಗನ ‘ಇಲ್ಲದ ಪ್ರಶ್ನೆ’ ಎಲ್ಲಿಂದ ಎಲ್ಲಿಗೆ ಮುಟ್ಟಿತು! ಅಂದು ನಾನು ಅವನ ಬಾಯಿ ಮುಚ್ಚಿಸಿ ಸುಮ್ಮನಾಗಿದ್ದರೆ ಕೆಲವು ಬಡ ಮನೆಗಳ ಹಕ್ಕು ಹಾಗೆಯೇ ಪುಸ್ತಕದೊಳಗೆ ಉಳಿದುಬಿಡುತ್ತಿತ್ತು. ತಂದೆ ತಾಯಂದಿರೇ, ಅಧ್ಯಾಪಕ ಮಿತ್ರರೇ, ಮಕ್ಕಳು ಕೇಳುವಾಗ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಜೊತೆಯಲ್ಲಿ ಹುಡುಕಿ. ಗದರಬೇಡಿ. ಮನೆಯಲ್ಲೂ ಮದ್ರಸದಲ್ಲೂ ಬಾಯಿ ಮುಚ್ಚಿಸಿಕೊಂಡ ಮಗು ನಾಳೆ ತನ್ನ ಪ್ರಶ್ನೆಯನ್ನು ಎಲ್ಲಿಗೆ ಒಯ್ದೀತೆಂದು ಯಾರು ಬಲ್ಲರು?

ಎಣಿಸುವವನ ಮುಂದೆ

ನಿಮ್ಮ ಪ್ರಭುವಿನ ಬಳಿ ಒಂದು ದಿನವು ನೀವು ಎಣಿಸುವ ಸಾವಿರ ವರ್ಷಗಳಂತಿದೆ ಎಂಬ ಅರ್ಥದ ಮಾತು ಕುರ್‌ಆನಿನಲ್ಲಿದೆ (ಅಲ್ ಹಜ್ಜ್: 47). ದಿನ, ವರ್ಷ ಎಂಬ ಅಳತೆಗಳು ನಾವು ನಿಂತ ನೆಲಕ್ಕೆ ಸಂಬಂಧಿಸಿದವು. ನೆಲ ಬದಲಾದರೆ ಅಳತೆಯೂ ಬದಲಾಗುತ್ತದೆ. ಬುಧನ ಮೇಲೆ ಎಣಿಸಿದರೆ 60 ವರ್ಷ ಬಾಳಿದವನಿಗೆ ಸುಮಾರು 249 ವರ್ಷ. ಆದರೆ ಅವನು ಕಾಣುವ ಸೂರ್ಯೋದಯಗಳು 125ರಷ್ಟು ಮಾತ್ರ. ಗುರುವಿನ ಮೇಲೆ ಎಣಿಸಿದರೆ ಅವನು ಐದು ವರ್ಷದ ಮಗು. ಸಂಖ್ಯೆಯಲ್ಲಿ ಏನಿದೆ? ಆ ಅವಧಿಯಲ್ಲಿ ಏನು ಮಾಡಿದೆವು ಎಂಬುದೇ ಮುಖ್ಯ.

ಭೂಮಿಯ ಮೇಲೆ ಎಷ್ಟು ವರ್ಷ ಬಾಳಿದಿರಿ ಎಂದು ಪರಲೋಕದಲ್ಲಿ ಕೇಳಲಾಗುವುದು. ಒಂದು ದಿನ, ಅಥವಾ ದಿನದ ಒಂದು ಭಾಗ. ಎಣಿಸುವವರನ್ನೇ ಕೇಳು ಎಂದು ಜನರು ಉತ್ತರಿಸುವರು (ಅಲ್ ಮೂಮಿನೂನ್: 112-113). ಇಲ್ಲಿ ವರ್ಷಗಳನ್ನು ಹೆಮ್ಮೆಯಿಂದ ಎಣಿಸಿದವರಿಗೆ ಅಲ್ಲಿ ಒಂದು ದಿನವೂ ತುಂಬುವುದಿಲ್ಲ. ಆ ಒಂದು ದಿನದಲ್ಲಿ ಎಷ್ಟು ಸಜ್ದಾಗಳು, ಎಷ್ಟು ಮಂದಿಯ ಹಕ್ಕು, ಎಷ್ಟು ಮಕ್ಕಳ ಮನಸ್ಸು ನಮ್ಮ ಲೆಕ್ಕದಲ್ಲಿರುವುದು?

ರಾತ್ರಿಯನ್ನೂ ಹಗಲನ್ನೂ ಒಂದರ ಹಿಂದೆ ಒಂದಾಗಿ ತರುವ ಅಲ್ಲಾಹನು, ನಮಗೆ ಸಿಕ್ಕಿದ ಈ 24 ಗಂಟೆಗಳ ಬೆಲೆಯನ್ನು ಅರಿತು ಬಾಳುವ ಭಾಗ್ಯ ನೀಡಲಿ. ತಿಳಿಯದೆ ಆದ ತಪ್ಪುಗಳನ್ನು ಮನ್ನಿಸಲಿ, ತಿಳಿದ ಬಳಿಕ ತಿದ್ದಿಕೊಳ್ಳುವ ಮನಸ್ಸು ಕೊಡಲಿ. ಆಮೀನ್.